ಹತ್ತು ಮನೆಗೆ ಹೇಳಿದ ಮಾತು

ನೇರಲಕೊಡಿಗೆ
ಅಂಚೆ: ಅರಳಸುರಳಿ, ತೀರ್ಥಹಳ್ಳಿ ತಾಲ್ಲೂಕು
೮ ಡಿಸೆಂಬರ್ ೨೦೨೫, ಸೋಮವಾರ

ದೀಪೂ,

ಹಾಸ್ಟೆಲ್ ಬಿಟ್ಟ ಮೇಲೆ ನಿನಗೆ ಕಾಗದದ ಮೇಲೆ ಬರೆಯುತ್ತಿರುವುದು ಇದೇ ಮೊದಲು. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅದನ್ನೇ ನೆಪ ಮಾಡಿಕೊಂಡು ಬೇರೆ ಏನೋ ಮಾತಾಡಿ ಇಟ್ಟುಬಿಡುತ್ತೇನೆ. ಮೂರು ಸಲ ಹಾಗೇ ಆಯಿತು. ಕಳೆದ ವಾರ ಫೋನ್ ಮಾಡಿ, ನಾನು ಕೊಟ್ಟ ಮಿಡಿ ಉಪ್ಪಿನಕಾಯಿ ಕೆಟ್ಟಿತಾ ಎಂದು ಕೇಳಿದೆನಲ್ಲ, ಅದು ಉಪ್ಪಿನಕಾಯಿ ವಿಚಾರಿಸಲು ಮಾಡಿದ ಫೋನ್ ಅಲ್ಲ. ಈ ಪತ್ರದಲ್ಲಿ ನಿನಗೆ ಗೊತ್ತಿರುವ ಸಂಗತಿಗಳನ್ನೂ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ನೀನಲ್ಲದೆ ಬೇರೆಯವರೂ ಓದಬೇಕಾಗಬಹುದು.

ಸೆಪ್ಟೆಂಬರಿನಲ್ಲಿ ಸಾಗರದಲ್ಲಿ ನಿನ್ನ ನಾಲ್ಕನೆಯ ಥ್ರಿಲ್ಲರ್ ಬಿಡುಗಡೆಯಾದ ದಿನ ನಾನೂ ಬಂದಿದ್ದೆ. ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದೆ, ನೀನು ನೋಡಿ ಕೈ ಬೀಸಿದೆ. ಮೈಕಿನ ಮುಂದೆ ನೀನು ಆಡಿದ ಮಾತು ಈಗಲೂ ಕಿವಿಯಲ್ಲಿದೆ. ಕೊಲೆಯ ಕಥೆಗೆ ವಸ್ತು ಹುಡುಕಲು ಪೊಲೀಸ್ ಠಾಣೆಗೆ ಹೋಗಬೇಕಿಲ್ಲ, ಇಬ್ಬರು ಆಪ್ತ ಗೆಳತಿಯರ ನಡುವೆ ಹೋಗಿ ಕೂತರೆ ಸಾಕು ಎಂದೆ. ಹೆಂಗಸರ ಸ್ನೇಹದಲ್ಲಿ ಹೊರಗೆ ಕಾಣದ ಹೊಟ್ಟೆಕಿಚ್ಚು, ನುಂಗಿಕೊಂಡ ಅವಮಾನ, ಆಡದೇ ಉಳಿದ ಮಾತು, ಇವೇ ನನ್ನ ಕಾದಂಬರಿಗಳ ಬೀಜ ಎಂದೆ. ಜನ ನಕ್ಕು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ದಡ್ಡರು ದೀಪೂ, ಬುದ್ಧಿವಂತರು ಚಪ್ಪಾಳೆ ತಟ್ಟುತ್ತಾರೆ.

ಮನೆಗೆ ಬಂದು ‘ಬೆಟ್ಟಕ್ಕೆ ಕಳಿಸಿದವಳು’ ಓದಿದೆ. ಗೆಳತಿಯರು ಮೂವರು ಇದ್ದಾರೆ, ಒಬ್ಬಳು ಸಾಯುತ್ತಾಳೆ. ಆದರೆ ಸಾಯಿಸಿದವಳು ಗೆಳತಿಯಲ್ಲ, ಅತ್ತೆ. ಮಂಗ ಸತ್ತುಬಿದ್ದು ಮಂಗನ ಕಾಯಿಲೆ ಹರಡಿದ ಬೆಟ್ಟಕ್ಕೆ ಗೊತ್ತಿದ್ದೂ ಸೊಸೆಯನ್ನು ಒಣ ದರಗೆಲೆ ತರಲು ಕಳಿಸುವ ಮುದುಕಿ. ವೇದಿಕೆಯ ಮೇಲೆ ಅಷ್ಟು ಹೇಳಿದವಳು ಬರೆಯಲು ಕೂತಾಗ ಗೆಳತಿಯರನ್ನು ಬಿಟ್ಟುಬಿಟ್ಟೆ. ನಮ್ಮ ಮೂವರಲ್ಲಿ ಒಬ್ಬಳನ್ನು ಅನುಮಾನಿಸಲು ನಿನ್ನ ಕೈ ಬರಲಿಲ್ಲ ಅಂತ ಕಾಣುತ್ತದೆ. ಹೆಸರು ಬದಲಿಸಿದ್ದೀಯ, ಊರು ಬದಲಿಸಿದ್ದೀಯ. ಎಲೆಯಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸುವ ರೀತಿ, ಮಾತಿಗೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು, ಅದನ್ನು ಬದಲಿಸಿಲ್ಲ. ನೇರಲಕೊಡಿಗೆಯಲ್ಲಿ ಪುಸ್ತಕ ಓದುವವರು ನಾಲ್ಕೇ ಜನ. ಕಥೆ ಕೇಳದವರು ಯಾರೂ ಇಲ್ಲ. ಇದು ನಮ್ಮ ಸುಷ್ಮಾಳ ಅತ್ತೆ ಯಮುನಮ್ಮ ಎಂದು ವಾರದೊಳಗೆ ಊರಿಗೇ ಗೊತ್ತಾಯಿತು.

ಈಗ ಹಾಲು ಹಾಕಲು ಬಂದ ಯಮುನಮ್ಮನನ್ನು ಡೈರಿಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಅವರ ಮಗ ಗಣೇಶ ತಾಯಿ ಬಡಿಸಿದ್ದನ್ನು ತಲೆ ಎತ್ತದೆ ಉಂಡು ಏಳುತ್ತಾನೆ. ಇದನ್ನೆಲ್ಲ ಅವರು ತಡೆದುಕೊಂಡಾರು. ತಡೆದುಕೊಳ್ಳಲಾಗದ್ದು ಸುಷ್ಮಾಳ ಮಗಳು ಕಾವ್ಯಾಳದ್ದು. ತಾಯಿಯಿಲ್ಲದ ಹುಡುಗಿಯನ್ನು ನೀನು ಜೂನ್‌ನಿಂದ ಮನೆಯಲ್ಲಿಟ್ಟುಕೊಂಡು ಪಿಯುಸಿ ಓದಿಸುತ್ತಿದ್ದೀಯ, ದೊಡ್ಡ ಉಪಕಾರ. ಆದರೆ ಪುಸ್ತಕ ಓದಿದ ಮೇಲೆ ಅವಳು ಈ ಕಡೆ ಮುಖ ಹಾಕಿಲ್ಲ. ಅಜ್ಜಿ ಫೋನ್ ಮಾಡಿದರೆ ಎತ್ತುವುದಿಲ್ಲ. ಒಂದೇ ಒಂದು ಸಲ ಎತ್ತಿ, ‘ಅಮ್ಮನ್ನ ಯಾಕೆ ಕಳ್ಸಿದ್ದು’ ಅಂತ ಕೇಳಿ ಇಟ್ಟುಬಿಟ್ಟಳಂತೆ. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಚಿತ್ತಾರ ಬರೆಯಲು ಮೊಮ್ಮಗಳು ಬರುತ್ತಾಳೆಂದು ಯಮುನಮ್ಮ ಅಕ್ಕಿ ನೆನೆಹಾಕಿ ಬಿಳಿ ಅರೆದಿಟ್ಟು ಕಾದರು. ಅವಳು ಬರಲಿಲ್ಲ. ಕೆಮ್ಮಣ್ಣು ಬಳಿದ ಬುಟ್ಟಿಯನ್ನೇ, ಒಂದು ಗೆರೆಯಿಲ್ಲದೆ, ಗಣೇಶ ಗದ್ದೆಗೆ ಹೊತ್ತುಕೊಂಡು ಹೋದ. ನಾನು ನಮ್ಮ ಅಂಗಳದಲ್ಲಿ ನಿಂತು ನೋಡಿದೆ.

ಯಮುನಮ್ಮ ಸುಷ್ಮಾಳನ್ನು ಬೆಟ್ಟಕ್ಕೆ ಕಳಿಸಿದ್ದು ನಿಜ. ಕೊಟ್ಟಿಗೆ ನೆಲ ಕೆಸರಾಗಿತ್ತು, ಎರಡು ಹೆಡಿಗೆ ಒಣ ಎಲೆ ಬೇಕಿತ್ತು. ಆದರೆ ಬೆಟ್ಟದಲ್ಲಿ ಮಂಗ ಸತ್ತದ್ದು ಅವರಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ನಾನು.

ಇಷ್ಟು ಬರೆದು ಎದ್ದುಹೋಗಿ ದನಕ್ಕೆ ನೀರಿಟ್ಟು ಬಂದೆ. ಬರೆದ ಸಾಲು ಅಳಿಸಿಹೋಗಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಸುಷ್ಮಾಳನ್ನು ಈ ಊರಿಗೆ ತಂದವಳು ನಾನೇ. ನನ್ನ ಮದುವೆಯಾಗಿ ಎರಡನೆಯ ವರ್ಷ, ಹಳ್ಳದಾಚೆಯ ಗಣೇಶನಿಗೆ ಹೆಣ್ಣು ಹುಡುಕುತ್ತಿದ್ದಾರೆ ಎಂದು ಕೇಳಿ ಸಾಗರದ ಅವಳ ತವರಿಗೆ ಓಡಿದ್ದೆ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವಳು ಕೂಗಳತೆಯಲ್ಲಿ ಸಿಕ್ಕರೆ ಈ ಕಾಡಿನಲ್ಲಿ ಬದುಕಬಹುದು ಅನ್ನಿಸಿತ್ತು. ಗಣೇಶನ ಅಜ್ಜ ನಮ್ಮ ಮಾವನ ಮನೆಯ ಗೇಣಿ ಮಾಡುತ್ತಿದ್ದವರು. ಕಾನೂನು ಬಂದ ಮೇಲೆ ಹಳ್ಳದಾಚೆಯ ಗದ್ದೆ, ತೋಟ ಅವರ ಹೆಸರಿಗೇ ಆಯಿತು. ಅದೆಲ್ಲ ನಾವು ಹುಟ್ಟುವ ಮೊದಲಿನ ಮಾತು. ಆದರೂ ಯಮುನಮ್ಮ ನನಗಿಂತ ಮೂವತ್ತು ವರ್ಷ ದೊಡ್ಡವರಾಗಿ ನನ್ನನ್ನು ‘ಅಮ್ಮಾ, ನೀವು’ ಎನ್ನುತ್ತಿದ್ದರು. ಸೊಸೆ ನನ್ನನ್ನು ‘ಏನೇ ಶರೂ’ ಎಂದು ಕರೆದರೆ ಅವರಿಗೆ ಗಾಬರಿ. ನಮ್ಮ ಮಾವ ಗಿರಿಯಪ್ಪನವರಿಗೂ ಅದು ಸೇರುತ್ತಿರಲಿಲ್ಲ. ನನಗೆ ಅದು ಹೆಮ್ಮೆ ಎಂದುಕೊಂಡಿದ್ದೆ. ಇದನ್ನು ನೆನಪಿಟ್ಟುಕೋ, ಇದರ ಬಗ್ಗೆ ಇನ್ನೂ ಹೇಳುವುದಿದೆ.

ಈ ವರ್ಷ ಸಂಕ್ರಾಂತಿ ಕಳೆದ ಭಾನುವಾರ ನೀನು, ಸುಷ್ಮಾ ಇಬ್ಬರೇ ಹೊಳೆಬಾಗಿಲಿಗೆ ಹೋಗಿ ಲಾಂಚ್ ಹತ್ತಿದಿರಿ. ಸೇತುವೆ ಮುಗಿಯುತ್ತ ಬಂತು, ಇನ್ನು ಲಾಂಚಿನಲ್ಲಿ ಹೊಳೆ ದಾಟುವುದು ಇರುವುದಿಲ್ಲ, ಮೂವರೂ ಒಮ್ಮೆ ಹೋಗಿ ಸಿಗಂದೂರು ನೋಡಿಕೊಂಡು ಬರೋಣ ಎಂದು ಎರಡು ವರ್ಷದಿಂದ ಹೇಳುತ್ತಿದ್ದವಳು ನಾನು. ಮಧ್ಯಾಹ್ನ ಊಟಕ್ಕೆ ಕೂತಾಗ ಸ್ಟೇಟಸ್ ನೋಡಿದೆ. ಕಂಬಿ ಹಿಡಿದುಕೊಂಡು ಸುಷ್ಮಾ, ಗಾಳಿಗೆ ಕೂದಲೆಲ್ಲ ಬಾಯಿಗೆ. ಪಕ್ಕದಲ್ಲಿ ನೀನು, ಕಪ್ಪು ಕನ್ನಡಕ. ಕೆಳಗೆ ‘ಹಳೇ ಗೆಳತಿಯರು’ ಎಂದು ಬರೆದಿತ್ತು. ಅನ್ನ ಹಾಗೇ ಬಿಟ್ಟು ಎದ್ದೆ. ಅತ್ತೆ ಕೇಳಿದರು, ಹಲ್ಲುನೋವು ಅಂದೆ.

ನಲವತ್ತು ದಾಟಿದ ಹೆಂಗಸಿಗೆ ಇದೆಲ್ಲ ಒಂದು ವಿಷಯವೇ ಎಂದು ನೀನು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ಸಿಟ್ಟು ವಯಸ್ಸು ನೋಡುತ್ತದಾ? ನೀನು ಬಿಟ್ಟುಹೋದದ್ದಕ್ಕೆ ಅಷ್ಟು ಉರಿಯಲಿಲ್ಲ, ನೀನು ಸಾಗರದವಳಾಗಿ ಎಷ್ಟೋ ವರ್ಷವಾಯಿತು. ಸುಷ್ಮಾ ನಮ್ಮ ಅಂಗಳದ ಮುಂದೆಯೇ ಹಾದು ಬಸ್ಸಿಗೆ ಹೋಗಿದ್ದಳು. ಅವತ್ತಿನಿಂದ ಅವಳಿಗೆ ಠೂ ಬಿಟ್ಟೆ. ‘ಎಂತ ಮಾರಾಯ್ತಿ, ಸುದ್ದಿನೇ ಇಲ್ಲ’ ಎಂದು ಎರಡು ಸಲ ಮೆಸೇಜ್ ಹಾಕಿದಳು. ನೋಡಿದೆ, ಉತ್ತರ ಹಾಕಲಿಲ್ಲ. ಅವಳೇ ಮನೆಗೆ ಬಂದು ತಪ್ಪಾಯಿತು ಅನ್ನಲಿ ಎಂದು ಕಾದೆ. ಅವಳೂ ಬಿಗುಮಾನದವಳೇ, ಬರಲಿಲ್ಲ. ಒಂದು ತಿಂಗಳು ಹೀಗೇ ಹೋಯಿತು.

ಫೆಬ್ರವರಿ ಹನ್ನೊಂದು, ಮಂಗಳವಾರ. ಮೇಲಿನ ಮನೆಯ ಗುತ್ಯಪ್ಪಣ್ಣ ಬಂದು, ಹಳ್ಳದ ಮೇಲ್ಗಡೆ ಸೊಪ್ಪಿನ ಬೆಟ್ಟದಲ್ಲಿ ಮಂಗ ಸತ್ತುಬಿದ್ದಿತ್ತು ಅಂದ. ಬಿದ್ದಿತ್ತು ಅಂದರೆ, ಆಗಲೇ ಮಣ್ಣು ಮಾಡಿ ಬಂದಿದ್ದ. ಹನುಮಪ್ಪನನ್ನು ನಾಯಿ ನರಿಗೆ ಬಿಡಬಾರದು ಎಂದು ಹೊಸ ಟವೆಲ್ ಹೊದಿಸಿ, ಅರಿಶಿನ ಕುಂಕುಮ ಹಾಕಿ, ಕೈಮುಗಿದು ಮುಚ್ಚಿದ್ದ. ‘ಹನ್ನೊಂದ್ ದಿನ ನಾನು ಈ ಸುದ್ದಿ ಎತ್ತಂಗಿಲ್ಲ ಶರಾವತಕ್ಕ, ನಿಮ್ಗೊಂದು ಹೇಳಿದೀನಿ’ ಅಂದು ಹೋದ. ಅದು ಅವನ ನಂಬಿಕೆ. ಆಶಾ ಕಾರ್ಯಕರ್ತೆಯಾದ ನನ್ನ ಕೆಲಸ ಬೇರೆ. ಮಂಗ ಸತ್ತರೆ ತಕ್ಷಣ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಸತ್ತ ಮಂಗನ ಮೈಯಿಂದ ಇಳಿದ ಉಣುಗು ಹುಳ ಸುತ್ತಲಿನ ಒಣ ಎಲೆಯಲ್ಲಿ ಹರಡಿ ಕಾಯುತ್ತಿರುತ್ತದೆ, ಅದು ಕಚ್ಚಿದವರಿಗೆ ಮಂಗನ ಕಾಯಿಲೆ. ಹದಿನಾಲ್ಕು ವರ್ಷದಿಂದ ಮನೆಮನೆಗೆ ಈ ಪಾಠ ಒಪ್ಪಿಸುತ್ತ ಬಂದವಳು ನಾನು.

ತಿಳಿಸಲಿಲ್ಲ. ಹಿಂದಿನ ವರ್ಷ ತಿಳಿಸಿದ್ದಕ್ಕೆ ಏನಾಗಿತ್ತು ಎಂದು ನಿನಗೆ ಗೊತ್ತು. ಪತ್ರಿಕೆಯಲ್ಲಿ ಊರಿನ ಹೆಸರು ಬಂತು, ಕೊಯ್ಲಿಗೆ ಆಳು ಬರಲಿಲ್ಲ, ನಿಶ್ಚಯವಾಗಿದ್ದ ಒಂದು ಮದುವೆಯನ್ನು ಹುಡುಗನ ಕಡೆಯವರು ಮುಂದೆ ಹಾಕಿದರು. ನಾಲ್ಕು ಜನರ ಎದುರು ಮಾವ ನನಗೆ, ‘ಇನ್ಮೇಲೆ ಊರಿನ ಮರ್ಯಾದೆ ಬೀದಿಗೆ ತರಬೇಡ’ ಅಂದಿದ್ದರು. ಹಾಗಾಗಿ ಈ ಸಲ ಒಂದು ಉಪಾಯ ಮಾಡಿದೆ. ಯಾರಿಗೂ ಬರೆದು ತಿಳಿಸದೆ, ಮರುದಿನ ನಾನೇ ಮನೆಮನೆಗೆ ಹೋಗಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಕೊಟ್ಟು, ಮೇಲಿನ ಬೆಟ್ಟಕ್ಕೆ ಶಿವರಾತ್ರಿ ಕಳೆಯುವವರೆಗೆ ಯಾರೂ ಹೋಗಬೇಡಿ, ಯಾಕೆ ಅಂತ ಕೇಳಬೇಡಿ, ಒಬ್ಬರಿಗೊಬ್ಬರು ಮಾತಾಡಿಕೊಳ್ಳಲೂ ಬೇಡಿ ಎಂದು ಹೇಳಿ ಬರುವುದು. ಎಲ್ಲರಿಗೂ ಅರ್ಥವಾಯಿತು. ಮರ್ಯಾದೆ ಉಳಿಸಿದ್ದಕ್ಕೆ ಇಬ್ಬರು ಮಜ್ಜಿಗೆ ಕೊಟ್ಟರು.

ನಮ್ಮ ಊರಿನಲ್ಲಿ ಮನೆಗಳು ಹನ್ನೊಂದು. ನಾನು ಹತ್ತು ಮನೆಗೆ ಹೇಳಿದೆ.

ಹನ್ನೊಂದನೆಯದು ಹಳ್ಳದಾಚೆ. ಹಳ್ಳ ದಾಟುವ ಕಾಲುಸಂಕದವರೆಗೂ ಹೋಗಿದ್ದೆ ದೀಪೂ, ಸುಳ್ಳಲ್ಲ. ಎಣ್ಣೆಯ ಬಾಟಲಿ ಚೀಲದಲ್ಲಿತ್ತು. ಆಚೆ ದಡದಲ್ಲಿ ಸುಷ್ಮಾ ಬಟ್ಟೆ ಹರವುತ್ತಿದ್ದಳು. ನನ್ನನ್ನು ನೋಡಿದಳು, ಬಟ್ಟೆ ಹಿಡಿದುಕೊಂಡು ನಿಂತಳು. ಒಂದು ಮಾತು, ‘ಬಾರೆ’ ಅಂದಿದ್ದರೆ ದಾಟಿಬಿಡುತ್ತಿದ್ದೆ. ಅವಳು ಅನ್ನಲಿಲ್ಲ, ನನಗೂ ಕಾಲು ಏಳಲಿಲ್ಲ. ಅವಳು ಬಗ್ಗಿ ಮುಂದಿನ ಬಟ್ಟೆ ಎತ್ತಿಕೊಂಡಳು. ನಾನು ತಿರುಗಿ ಬಂದೆ. ಊರಿಗೆಲ್ಲ ಎಣ್ಣೆ ಹಂಚಿದ್ದು ಗೊತ್ತಾಗಿ ಅವಳೇ ಬಂದು ಕೇಳುತ್ತಾಳೆ, ಆಗ ಕೊಟ್ಟರಾಯಿತು ಅಂದುಕೊಂಡೆ. ಮಾತಾಡಿಕೊಳ್ಳಬೇಡಿ ಎಂದು ಊರಿನ ಬಾಯಿ ಕಟ್ಟಿದವಳೂ ನಾನೇ ಎಂಬುದು ಆ ಹೊತ್ತಿಗೆ ತಲೆಗೆ ಹೋಗಲಿಲ್ಲ.

ನಿನ್ನ ಕಾದಂಬರಿಗಳಲ್ಲಿ ಕೊಲೆ ಮಾಡುವವರಿಗೆಲ್ಲ ದೊಡ್ಡ ಕಾರಣವಿರುತ್ತದೆ. ಗಂಡಸು ಇರುತ್ತಾನೆ, ಇಲ್ಲವೇ ಆಸ್ತಿ ಇರುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಅವಳು ಸಾಯಲಿ ಎಂದು ನಾನು ಒಂದು ಕ್ಷಣವೂ ಬಯಸಲಿಲ್ಲ. ಅವಳು ಮೊದಲು ಮಾತಾಡಲಿ ಎಂದು ಬಯಸಿದೆ. ಯಾಕೆ ಅವಳೇ ಮೊದಲು ಎಂದು ಈ ಹತ್ತು ತಿಂಗಳು ನನ್ನನ್ನು ನಾನು ಕೇಳಿಕೊಂಡಿದ್ದೇನೆ. ಬಿಟ್ಟುಹೋದವಳು ಅವಳು, ಅದೊಂದು. ಇನ್ನೊಂದನ್ನು ಬರೆಯಲು ನಾಚಿಕೆ. ಅವಳು ಹಳ್ಳದಾಚೆಯ ಮನೆಯವಳು. ನಾನು ದಾಟಿಕೊಂಡು ಅವರ ಅಂಗಳಕ್ಕೆ ಹೋಗಿ ರಾಜಿ ಮಾಡಿಕೊಳ್ಳುವುದೇ ಎಂದು ಒಳಗೆ ಯಾರೋ ಕೇಳಿದರು. ನಮ್ಮ ಮಾವನ ದನಿ ಎಂದು ಅವರ ತಲೆಗೆ ಕಟ್ಟಬಹುದು, ಆದರೆ ಅದು ನನ್ನದೇ ದನಿ. ‘ಏನೇ ಶರೂ’ ಎಂದು ಕರೆಸಿಕೊಂಡು ಹೆಮ್ಮೆಪಟ್ಟೆ ಅಂದೆನಲ್ಲ, ಆ ಹೆಮ್ಮೆಯೊಳಗೆ ಕರೆಯಲು ಬಿಟ್ಟಿದ್ದೇನೆ ಎಂಬ ಲೆಕ್ಕವೂ ಇತ್ತು. ಸುಷ್ಮಾಳಿಗೆ ಅದು ಗೊತ್ತಿತ್ತೋ ಏನೋ.

ಇಲ್ಲಿಯವರೆಗೆ ಬರೆದದ್ದನ್ನು ಓದಿ ನೋಡಿದೆ. ಎಲ್ಲ ಹೇಳಿದವಳ ಹಾಗೆ ಬರೆದಿದ್ದೇನೆ, ಹೇಳಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ಹೆಡಿಗೆ ಹೊತ್ತು ಬೆಟ್ಟ ಹತ್ತುವುದನ್ನು ನಾನು ನೋಡಿದೆ. ನಮ್ಮ ಬಾವಿಕಟ್ಟೆಯಿಂದ ಆ ದಾರಿ ಕಾಣುತ್ತದೆ. ಕೂಗಿದರೆ ಕೇಳುವಷ್ಟೇ ದೂರ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವಳು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತ ಜೋರಾಗಿ ನಕ್ಕಳು. ನಿನ್ನ ಹತ್ತಿರವೇ ಇರಬೇಕು ಅನ್ನಿಸಿತು. ಬಾಯಿ ಮುಚ್ಚಿದೆ, ಕೊಡ ತುಂಬಿಕೊಂಡು ಒಳಗೆ ಬಂದೆ. ಶನಿವಾರವೂ ಅವಳು ಹೋದಳಂತೆ, ಅದನ್ನು ನಾನು ನೋಡಲಿಲ್ಲ, ಯಾಕೆಂದರೆ ಅವತ್ತು ನಾನು ಬಾವಿಯ ಕಡೆಗೆ ಹೋಗಲೇ ಇಲ್ಲ.

ಇಪ್ಪತ್ತನೆಯ ತಾರೀಕು ಅವಳಿಗೆ ಜ್ವರ ಬಂತು. ಎರಡು ದಿನ ಬಿಟ್ಟು ಗಣೇಶ ಓಡಿಬಂದು ಕರೆದಾಗ ಸಂಕ ಹೇಗೆ ದಾಟಿದೆನೋ ಗೊತ್ತಿಲ್ಲ. ಕಣ್ಣು ಕೆಂಡವಾಗಿತ್ತು, ವಸಡಿನಲ್ಲಿ ರಕ್ತ. ನೋಡಿದ ಕೂಡಲೇ ಗೊತ್ತಾಯಿತು. ತೀರ್ಥಹಳ್ಳಿಗೆ ಸಾಗಿಸಿದೆವು, ಅಲ್ಲಿಂದ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ. ಆಂಬ್ಯುಲೆನ್ಸಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದು, ‘ಮಾತಾಡ್ಸಿದ್ಯಲ್ಲೆ, ಸಾಕು’ ಅಂದಳು. ಮಾರ್ಚ್ ನಾಲ್ಕಕ್ಕೆ ಹೋದಳು. ಆ ಮಾತು ಹೊತ್ತುಕೊಂಡು ನಾನು ಇದ್ದೇನೆ.

ಅವಳ ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದಾಗ ನೀನು ನನ್ನನ್ನು ಅಡಿಗೆ ಮನೆಯ ಹಿಂದೆ ಕರೆದು ಕೇಳಿದೆ, ಊರಿಗೆಲ್ಲ ಹೇಳಿದವಳು ಅವರ ಮನೆಗೆ ಹೇಳಿರಲಿಲ್ಲವೇನೆ ಎಂದು. ನನ್ನ ಬಾಯಿಂದ ಉತ್ತರ ಎಷ್ಟು ಸಲೀಸಾಗಿ ಬಂತು ಎಂದರೆ, ಬಹಳ ಮೊದಲೇ ತಯಾರಾಗಿ ಕೂತಿತ್ತು. ‘ಹೇಳಿದ್ದೆ. ಅವಳು ಇರ್ಲಿಲ್ಲ, ಯಮುನಮ್ಮಂಗೆ ಹೇಳಿ ಬಂದಿದ್ದೆ’ ಅಂದೆ. ಆರೋಗ್ಯ ಕೇಂದ್ರದ ಪುಸ್ತಕದಲ್ಲೂ ಹಿಂದಿನ ತಾರೀಕು ಹಾಕಿ ಹಾಗೇ ಬರೆದೆ. ನೀನು ಒಂದು ನಿಟ್ಟುಸಿರು ಬಿಟ್ಟೆ. ಆ ನಿಟ್ಟುಸಿರಿನಲ್ಲಿ ನಿನಗೆ ಕಥೆ ಹುಟ್ಟಿತು. ಕಾದಂಬರಿ ನಿನ್ನದು, ಅದರ ಅತ್ತೆ ನಾನು ಹೇಳಿದ ಸುಳ್ಳಿನಿಂದ ಆದವಳು. ಹತ್ತು ಮನೆಗೆ ಗೊತ್ತಿದ್ದದ್ದು ಹನ್ನೊಂದನೆಯದಕ್ಕೆ ಹೇಗೆ ಗೊತ್ತಿರಲಿಲ್ಲ ಎಂದು ಊರೂ ಕೇಳುತ್ತದೆ. ಯಮುನಮ್ಮ ಗೊತ್ತಿರಲಿಲ್ಲ ಎಂದು ಆಣೆ ಮಾಡಿದರೂ ಯಾರು ನಂಬುತ್ತಾರೆ? ಶರಾವತಕ್ಕ ಯಾವ ಮನೆಯನ್ನೂ ಬಿಡುವವಳಲ್ಲ ಎಂದು ನನಗೆ ಒಳ್ಳೆಯ ಹೆಸರಿದೆ.

ನಿನ್ನ ಪುಸ್ತಕದ ಏಳನೆಯ ಅಧ್ಯಾಯದ ಬಗ್ಗೆಯೂ ಒಂದು ಮಾತು. ಅದರಲ್ಲಿ ಇಬ್ಬರು ಗೆಳತಿಯರು ಲಾಂಚಿನಲ್ಲಿದ್ದಾರೆ. ಒಬ್ಬಳು ಹೇಳುತ್ತಾಳೆ, ಅವಳನ್ನು ಕರೆದರೆ ಲಾಂಚಿನಲ್ಲಿರುವವರಿಗೆಲ್ಲ ಚುಚ್ಚುಮದ್ದು ಆಗಿದೆಯಾ ಎಂದು ಸರ್ವೆ ಮಾಡುತ್ತಾಳೆ ಎಂದು. ಆ ನಾಲಿಗೆ ನಿನ್ನದು, ನನಗೆ ಚೆನ್ನಾಗಿ ಗೊತ್ತು. ಓದಿ ಉರಿಯಿತು, ಸ್ವಲ್ಪ ನಗುವೂ ಬಂತು. ಇನ್ನೊಬ್ಬಳು ಹೇಳುತ್ತಾಳೆ, ‘ಪಾಪ, ಅವಳಿಗೆ ಹೇಳ್ದೆ ಬಂದಿದ್ದು ಸರಿಯಾಗ್ಲಿಲ್ಲ ಕಣೆ, ನಾಳೆ ಹೋಗಿ ಮಾತಾಡ್ತೀನಿ.’ ಇದು ಸುಷ್ಮಾ ನಿಜವಾಗಿ ಆಡಿದ ಮಾತೋ, ನೀನು ಕಥೆಗೆ ಬರೆದದ್ದೋ? ಅವಳಾಡಿದ್ದೇ ಆದರೆ ಮರುದಿನ ಯಾಕೆ ಬರಲಿಲ್ಲ? ನಾನು ಮೆಸೇಜಿಗೆ ಉತ್ತರ ಹಾಕದ್ದಕ್ಕೋ? ಈ ಪ್ರಶ್ನೆ ಕೇಳಲೆಂದೇ ಎರಡು ಸಲ ನಿನಗೆ ಫೋನ್ ಮಾಡಿದ್ದೆ. ಈಗ ಕೇಳುವುದಿಲ್ಲ. ನೀನೂ ಹೇಳಬೇಡ.

ಇಷ್ಟೆಲ್ಲ ಮುಚ್ಚಿಟ್ಟುಕೊಂಡು ಇನ್ನೂ ಹತ್ತು ವರ್ಷ ಬದುಕಬಲ್ಲೆ ಎಂದು ನಾನು ತಿಳಿದಿದ್ದೆ. ಕಳೆದ ಗುರುವಾರ ಯಮುನಮ್ಮ ನಮ್ಮ ಮನೆಗೆ ಬಂದರು. ಹಿತ್ತಿಲ ಬಾಗಿಲಿನಲ್ಲಿ ಕೂತರು, ಒಳಗೆ ಬನ್ನಿ ಅಂದರೂ ಬರಲಿಲ್ಲ. ನನ್ನನ್ನು ಬೈಯಲು ಬಂದರು ಎಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಎರಡು ಸಲ ಗಂಟಲು ಸರಿಮಾಡಿಕೊಂಡು ಕೇಳಿದರು, ‘ಅಮ್ಮಾ, ನೀವು ನಂಗೆ ಹೇಳ್ದಾಗ ನಾನು ಎಂತ ಮಾಡ್ತಿದ್ದೆ? ಅಂಗಳದಾಗಿದ್ನಾ, ಕೊಟ್ಗೆಲಿದ್ನಾ? ನೆನ್ಪು ಮಾಡ್ಕಂಬಕೆ ನೋಡ್ತೀನಿ, ಬರದಿಲ್ಲ. ನೀವು ಸುಳ್ಳು ಹೇಳೋರಲ್ಲ. ನಾನೇ ಮರ್ತು ಆ ಹುಡ್ಗೀನ ಕಳಿಸ್ಬಿಟ್ಟೆ ಅಂತ ಕಾಣ್ತದೆ.’

ದೀಪೂ, ಆ ಹೆಂಗಸು ತನ್ನ ತಲೆಯನ್ನೇ ಅನುಮಾನಿಸುತ್ತಿದ್ದಾಳೆ. ಯಾರೋ ಕಟ್ಟಿದ ಸುಳ್ಳಿಗೆ ಇಂಥ ಜಾಗ, ಇಂಥ ಹೊತ್ತು ಎಂದು ಹುಡುಕಿ ಹೊಂದಿಸಿಕೊಳ್ಳಲು ನೋಡುತ್ತಿದ್ದಾಳೆ. ಗಣೇಶ ಡಾಕ್ಟರಿಗೆ ತೋರಿಸುತ್ತೇನೆ, ಮರೆವಿನ ಕಾಯಿಲೆ ಇರಬಹುದು ಅಂದನಂತೆ. ‘ಮರೆವು ಅಂತ ಡಾಕ್ಟ್ರು ಬರ್ಕೊಟ್ರೆ ಕಾವ್ಯಾ ಸಿಟ್ಟು ಬಿಡ್ತಾಳಾ’ ಎಂದು ನನ್ನನ್ನು ಕೇಳಿದರು. ಬೇಕೆಂದೇ ಕಳಿಸಿದವಳು ಎನ್ನಿಸಿಕೊಳ್ಳುವುದಕ್ಕಿಂತ ಮರೆತವಳು ಎನ್ನಿಸಿಕೊಂಡರೆ ಮೊಮ್ಮಗಳು ಒಂದು ಸಲ ಬಂದು ಹೋಗಬಹುದು ಎಂಬ ಆಸೆ. ನಾನು ಏನು ಮಾಡಿದೆ ಗೊತ್ತಾ? ಕಾಫಿ ಕೊಟ್ಟೆ. ಸಕ್ಕರೆ ಸಾಕಾ ಎಂದು ಕೇಳಿದೆ. ಅವರು ಕುಡಿದು, ಲೋಟ ತೊಳೆದಿಟ್ಟು ಹೋದರು. ನಾನು ಒಲೆಯ ಮುಂದೆ ಕೂತು ಅತ್ತೆ, ಅತ್ತು ಮುಗಿದ ಮೇಲೂ ಎದ್ದುಹೋಗಿ ಹೇಳಲಿಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರೆ. ಸುಷ್ಮಾ ಬರುವುದಿಲ್ಲ. ಆದರೆ ಕಾವ್ಯಾ ಬರಬಹುದು. ನಾಳೆ ನಾನು ಆರೋಗ್ಯ ಕೇಂದ್ರಕ್ಕೆ ಹೋಗಿ ಎಲ್ಲವನ್ನೂ ಬರೆದು ಸಹಿ ಮಾಡಿ ಕೊಡುತ್ತೇನೆ. ಕೆಲಸ ಹೋಗುತ್ತದೆ, ಅದಕ್ಕಿಂತ ಹೆಚ್ಚಿನದೂ ಆಗಬಹುದು, ಆಗಲಿ. ಮಾವ ಮನೆಯಲ್ಲಿ ಏನು ಮಾಡುತ್ತಾರೋ ಆಮೇಲೆ ನೋಡಿಕೊಳ್ಳುತ್ತೇನೆ. ನಿನ್ನ ಪುಸ್ತಕವನ್ನು ಏನು ಮಾಡುತ್ತೀಯೋ ಅದು ನಿನಗೆ ಬಿಟ್ಟದ್ದು. ನನಗೆ ನಿನ್ನಿಂದ ಬೇಕಾದ್ದು ಒಂದೇ. ಕಾವ್ಯಾಳನ್ನು ಕೂರಿಸಿಕೊಂಡು, ನಿನ್ನ ಅಜ್ಜಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾದವಳು ಶರಾವತಿ ಎಂದು ಹೇಳು. ನನ್ನ ಹೆಸರನ್ನು ಬಿಡಬೇಡ, ಮೆತ್ತಗೆ ಮಾಡಬೇಡ. ಸ್ನೇಹಕ್ಕೆ ಕಟ್ಟುಬಿದ್ದು ನನ್ನನ್ನು ಉಳಿಸಲು ನೋಡಿದರೆ ಆ ಮುದುಕಿ ಹೀಗೇ ಸಾಯುತ್ತಾಳೆ.

ಮೂವರಲ್ಲಿ ಇನ್ನು ನೀನೊಬ್ಬಳೇ ಉಳಿದೆ ಎಂದು ತಿಳಿ.

ಶರಾವತಿ

ಕಾಗದ ಮಡಿಸಿದ ಮೇಲೆ ಆದದ್ದು, ಬುಧವಾರ, ಸಾಗರದಲ್ಲಿ ಕೂತು:

ನಿನ್ನೆ ಆರೋಗ್ಯ ಕೇಂದ್ರಕ್ಕೆ ಬರೆದುಕೊಟ್ಟೆ. ಅಲ್ಲಿಂದ ಬರುತ್ತ ಸಂಕ ದಾಟಿ ಹೋಗಿ ಈ ಪತ್ರವನ್ನು ಯಮುನಮ್ಮನಿಗೆ ಪೂರ್ತಿ ಓದಿ ಹೇಳಿದೆ. ಬಾವಿಕಟ್ಟೆಯದ್ದನ್ನೂ ಬಿಡಲಿಲ್ಲ. ಆಮೇಲೆ ಅವರು ಕೇಳಿದ್ದು ಒಂದೇ ಮಾತು, ‘ಹಂಗಾರೆ ನಾನು ಮರ್ತಿದ್ದಲ್ಲ?’ ಅಲ್ಲ ಅಂದೆ. ಇನ್ನೊಂದು ಸಲ ಕೇಳಿದರು, ಇನ್ನೊಂದು ಸಲ ಹೇಳಿದೆ. ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು, ‘ನಡಿ. ನೀನೇ ಬಂದು ನನ್ ಹುಡ್ಗಿಗೆ ಹೇಳು’ ಅಂದರು. ಕ್ಷಮಿಸಿದೆ ಅನ್ನಲಿಲ್ಲ. ಇವತ್ತು ಬಸ್ಸಿನಲ್ಲಿ ಇಡೀ ದಾರಿ ನನ್ನ ಪಕ್ಕದಲ್ಲಿ ಕೂರಲೂ ಇಲ್ಲ.

ಅಂಚೆಗೆ ಹಾಕಿದರೆ ನೀನೊಬ್ಬಳೇ ಓದಿ, ನನ್ನ ಮೇಲಿನ ಕರುಣೆಗೆ ಎಲ್ಲೋ ಎತ್ತಿಟ್ಟುಬಿಡುತ್ತೀಯ ಎಂಬ ಭಯವಾಯಿತು. ಅದಕ್ಕೇ ಕಾಲೇಜಿನ ಹತ್ತಿರ ಕಾವ್ಯಾಳನ್ನು ಕಾಯುತ್ತಿದ್ದೇನೆ. ಇದನ್ನು ಅಂಟಿಸದೆ ಅವಳ ಕೈಗೆ ಕೊಟ್ಟು, ಮೊದಲು ನೀನು ಓದು, ಆಮೇಲೆ ದೀಪಾ ಚಿಕ್ಕಮ್ಮನಿಗೆ ಕೊಡು ಎಂದು ಹೇಳುತ್ತೇನೆ. ಅಂದರೆ ನೀನು ಇದನ್ನು ಓದುತ್ತಿರುವಾಗ ಅವಳು ನಿನ್ನ ಎದುರಿಗೇ ನಿಂತಿರುತ್ತಾಳೆ, ಅವಳಿಗೆ ಎಲ್ಲ ಗೊತ್ತಿರುತ್ತದೆ.

ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸು ನಾಲ್ಕೂವರೆಗೆ. ಅವಳ ಅಜ್ಜಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾರೆ, ಪಕ್ಕದ ಜಾಗದ ಮೇಲೆ ಚೀಲ ಇಟ್ಟು ಯಾರೂ ಕೂರದ ಹಾಗೆ ಹಿಡಿದುಕೊಂಡಿದ್ದಾರೆ. ನಾನು ಆ ಬಸ್ಸು ಹತ್ತುವುದಿಲ್ಲ, ಮುಂದಿನದಕ್ಕೆ ಹೋಗುತ್ತೇನೆ. ಅವಳು ಹೋಗುತ್ತೇನೆ ಅಂದರೆ ತಡೆಯಬೇಡ ದೀಪೂ, ಈಗಲೇ ಕಳಿಸು.